ವರ್ತನೆಯ ಗಿರಾಕಿ

ಕನ್ನಡದಲ್ಲಿ 'ಗಿರಾಕಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಅಂಗಡಿಯ ಮುಂದೆ ಬಂದು ನಿಂತವನು ಗಿರಾಕಿ, ಅವನು ಚೌಕಾಸಿ ಮಾಡಿ, ಸಾಮಾನು ಕಟ್ಟಿಸಿಕೊಂಡು, ನಾಲ್ಕು ಕಾಸು ಬಾಕಿ ಉಳಿಸಿ ಆಚೆಗೆ ಹೋದ ಮೇಲೆ ಅಂಗಡಿಯವನು "ಭಾರಿ ಗಿರಾಕಿ ಕಣಯ್ಯ ಇವನು!" ಎನ್ನುತ್ತಾನಲ್ಲ, ಅದು ಎರಡನೆಯ ಅರ್ಥ. ಮೊದಲನೆಯದರಿಂದ ಎರಡನೆಯದು ಹೇಗೆ ಹುಟ್ಟಿತೆಂದು ನಿಘಂಟುಕಾರರನ್ನು ಕೇಳಬೇಕಾಗಿಲ್ಲ; ಮಾರಿ ಬದುಕುವ ಯಾರನ್ನು ಕೇಳಿದರೂ ಸಾಕು. ವಕೀಲರಿಗೆ ಕಕ್ಷಿಗಾರರಿದ್ದಾರೆ, ವೈದ್ಯರಿಗೆ ರೋಗಿಗಳಿದ್ದಾರೆ, ಪುರೋಹಿತರಿಗೆ ಯಜಮಾನರಿದ್ದಾರೆ. ನನ್ನಂಥವರಿಗೆ ಇರುವವರು ಗಿರಾಕಿಗಳು, ಎರಡೂ ಅರ್ಥದಲ್ಲಿ.

ನನ್ನಂಥವರು ಎಂದರೆ ಯಾರೆಂದು ಹೇಳಿಬಿಡುತ್ತೇನೆ. ನಾನು ಪುಸ್ತಕಗಳಿಗೆ ಮುಖಪುಟ ಬರೆಯುವವನು. ನಡುನಡುವೆ ಮದುವೆಯ ಕರೆಯೋಲೆ, ಸ್ಮರಣ ಸಂಚಿಕೆ, ನಾಟಕದ ಭಿತ್ತಿಪತ್ರ, ಒಂದೆರಡು ಕಂಪನಿಗಳ ಕ್ಯಾಲೆಂಡರು. ಅಂಗಡಿಯಿಲ್ಲ, ಬೋರ್ಡಿಲ್ಲ, ತಿಂಗಳ ಮೊದಲ ತಾರೀಖಿಗೆ ಸಂಬಳವಿಲ್ಲ. ಸ್ವತಂತ್ರ ಕಲಾವಿದ ಎಂದು ಚೀಟಿಯಲ್ಲಿ ಅಚ್ಚು ಹಾಕಿಸಿಕೊಂಡಿದ್ದೇನೆ. ಸ್ವತಂತ್ರ ಎಂದರೆ ಒಬ್ಬನ ಕೈಕೆಳಗೂ ಇಲ್ಲದವನು ಎಂದು ಜನ ತಿಳಿಯುತ್ತಾರೆ. ಇಪ್ಪತ್ತೈದು ವರ್ಷದ ಅನುಭವದಿಂದ ಹೇಳುತ್ತೇನೆ: ಹಾಗೆಂದರೆ ಹತ್ತು ಜನರ ಕೈಕೆಳಗೆ ಸರದಿಯ ಮೇಲೆ ಇರುವವನು.

ಈ ಕಸುಬಿನಲ್ಲಿ ಒಂದು ವಿಚಿತ್ರವಿದೆ. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವವರು ಸೆರಗನ್ನು ಹರಡಿ ನೋಡುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ. ತೆಂಗಿನಕಾಯಿ ಕೊಳ್ಳುವವರು ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ನನ್ನ ಹತ್ತಿರ ಬರುವವನು ತಟ್ಟುವುದಕ್ಕೆ ಏನಿದೆ? ಅವನು ಕೊಳ್ಳಲಿರುವ ಚಿತ್ರ ಇನ್ನೂ ಹುಟ್ಟೇ ಇಲ್ಲ. ಹಿಂದೆ ಬರೆದ ಹತ್ತು ಮುಖಪುಟಗಳನ್ನು ತೋರಿಸಬಹುದು. ಆದರೆ ಹನ್ನೊಂದನೆಯದು ಹೇಗಿರುತ್ತದೆಂದು ನನಗೇ ಗೊತ್ತಿರುವುದಿಲ್ಲ. ಇಲ್ಲದ ವಸ್ತುವಿಗೆ ಅವನು ಮುಂಗಡ ಕೊಡಬೇಕು. ಬಾರದ ಹಣವನ್ನು ನೆಚ್ಚಿ ನಾನು ನಿದ್ದೆಗೆಡಬೇಕು. ಮನಸ್ಸಿನಲ್ಲಿ ಇಬ್ಬರಿಗೂ ಒಂದೇ ಅಳುಕು: 'ಇವನು ಎಂಥ ಗಿರಾಕಿಯೋ!'

ಈ ಅಳುಕನ್ನು ಕಳೆಯುವ ಉಪಾಯಗಳನ್ನು ಹೇಳಿಕೊಡುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಕೈ ಹೇಗೆ ಕುಲುಕಬೇಕು, ನಗು ಎಷ್ಟು ಅಗಲವಿರಬೇಕು, ಹಬ್ಬಕ್ಕೆ ಯಾವ ಮಿಠಾಯಿಯ ಡಬ್ಬಿ ಕಳಿಸಬೇಕು ಎಂದೆಲ್ಲ ಹೇಳುತ್ತಾರೆ. ನನಗೆ ಅದನ್ನೆಲ್ಲ ಕೇಳಿದಾಗ ನೆನಪಾಗುವುದು ಹಳೆಯ ಮೈಸೂರು ಸೀಮೆಯ 'ವರ್ತನೆ' ಎಂಬ ಮಾತು. ವರ್ತನೆಯ ಹಾಲು, ವರ್ತನೆಯ ಮನೆ ಎನ್ನುತ್ತಿದ್ದರು. ಬೆಳಗಿನ ಜಾವ ಚೊಂಬು ಹಿಡಿದು ಬರುವ ಹಾಲಿನವಳು ಎಂದೂ ಕೈ ಕುಲುಕಲಿಲ್ಲ, ಮಿಠಾಯಿ ಹಂಚಲಿಲ್ಲ. ಮಳೆಯಿರಲಿ ಚಳಿಯಿರಲಿ, ಬರುವ ಹೊತ್ತಿಗೆ ಬಂದಳು. ಹಸು ಬತ್ತಿದರೆ "ನಾಳಿದ್ದಿನಿಂದ ಪಾವು ಕಡಿಮೆ ಕಣವ್ವ" ಎಂದು ಎರಡು ದಿನ ಮುಂಚೆ ಹೇಳಿದಳು. ನೀರು ಬೆರೆಸಿ ಅಳತೆ ಸರಿಮಾಡಲಿಲ್ಲ. ಮನೆಯವರು ಗೋಡೆಯ ಮೇಲೆ ಮಸಿಯಲ್ಲಿ ಗೀಟು ಎಳೆದುಕೊಂಡು ತಿಂಗಳ ಕೊನೆಗೆ ಲೆಕ್ಕ ಹಾಕಿ ಕೊಟ್ಟರು. ಅಷ್ಟೇ. ನಡೆದುಕೊಳ್ಳುವ ರೀತಿಗೂ ವರ್ತನೆಯೆಂದೇ ಹೆಸರು, ತಪ್ಪದೆ ನಡೆದು ಬಂದ ಕೊಡುಕೊಳ್ಳುವಿಕೆಗೂ ಅದೇ ಹೆಸರು. ನನ್ನ ಕಸುಬಿನ ವಿಷಯದಲ್ಲಿ ನಾನು ಕಂಡುಕೊಂಡದ್ದೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ನಂಬಿಕೆ ಎಂಬುದು ಮಾತಿನಿಂದ ಗೆದ್ದುಕೊಳ್ಳುವ ವಸ್ತುವಲ್ಲ. ಗೋಡೆಯ ಮೇಲಿನ ಗೀಟುಗಳ ಹಾಗೆ, ದಿನಕ್ಕೊಂದರಂತೆ ಸೇರುವ ಪದಾರ್ಥ.

ಒಳ್ಳೆಯ ಗಿರಾಕಿ ಎಂದರೆ ಒಳ್ಳೆಯ ಮನುಷ್ಯ ಎಂದು ತಿಳಿಯಬೇಡಿ. ನನಗೆ ಪರಿಚಯವಿದ್ದ ಕವಿಮಿತ್ರರೊಬ್ಬರು ಚಿನ್ನದಂಥ ಮನುಷ್ಯರು. ಕೆಲಸ ಕೊಡುವಾಗ "ನಿಮಗೆ ತೋಚಿದಂತೆ ಬರೆಯಿರಿ, ನನ್ನದೇನೂ ಅಭ್ಯಂತರವಿಲ್ಲ" ಎಂದರು. ಬರೆದುಕೊಟ್ಟೆ. "ಭೇಷ್!" ಎಂದರು. ಮಾರನೆಯ ದಿನ ಫೋನು ಬಂತು: "ಎಲ್ಲಾ ಚೆನ್ನಾಗಿದೆ, ಆದರೆ ಏನೋ ಒಂದು ಕಡಿಮೆಯಾಗಿದೆ." ಏನು ಕಡಿಮೆಯಾಗಿದೆ ಎಂದು ಅವರಿಗೂ ತಿಳಿಯದು, ನನಗೂ ತಿಳಿಯದು. ಏಳು ಸಲ ಬದಲಾಯಿಸಿದೆವು. ಅವರ ಶ್ರೀಮತಿಯವರ ಅಭಿಪ್ರಾಯ, ಅಳಿಯಂದಿರ ಅಭಿಪ್ರಾಯ, ಎದುರು ಮನೆಯ ಇಂಜಿನಿಯರ ಅಭಿಪ್ರಾಯ ಎಲ್ಲವೂ ಮುಖಪುಟದೊಳಗೆ ಸೇರಿದವು. ಕೊನೆಗೆ ಅಚ್ಚಾದದ್ದು ಮೊದಲನೆಯದೇ. ಒಳ್ಳೆಯತನಕ್ಕೆ ಅವರಲ್ಲಿ ಕೊರತೆಯಿರಲಿಲ್ಲ. ತಮಗೇನು ಬೇಕೆಂದು ಕುಳಿತು ಯೋಚಿಸುವ ವ್ಯವಧಾನವಿರಲಿಲ್ಲ.

ಇನ್ನೊಬ್ಬರಿದ್ದಾರೆ, ಧಾರವಾಡದ ಕಡೆಯ ಪ್ರಕಾಶಕರು. ನಗುವುದು ಅಪರೂಪ. ಮೊದಲ ಸಲ ಫೋನು ಮಾಡಿದಾಗ ಕುಶಲಪ್ರಶ್ನೆಯೂ ಇಲ್ಲದೆ, "ಪುಟ 216, ಡೆಮಿ ಸೈಜು, ಎಪ್ಪತ್ತು ಜಿಎಸ್ಎಂ ಕಾಗದ, ಮುಂದಿನ ತಿಂಗಳು ಹತ್ತಕ್ಕೆ ಅಚ್ಚಿಗೆ ಹೋಗ್ತದ. ಆಗ್ತದೋ ಇಲ್ಲೋ ಹೇಳ್ರಿ" ಎಂದರು. ನನಗೆ ಅವರ ಮೇಲೆ ಆ ಕ್ಷಣವೇ ಪ್ರೀತಿ ಹುಟ್ಟಿತು. ಕಾರಣ ಹೇಳುತ್ತೇನೆ. ಪುಸ್ತಕಕ್ಕೆ ಮುಖ ಇರುವ ಹಾಗೆ ಬೆನ್ನೂ ಇದೆ. ಪುಟ ಎಷ್ಟು, ಕಾಗದ ಎಷ್ಟು ದಪ್ಪ ಎಂಬುದರ ಮೇಲೆ ಬೆನ್ನಿನ ಅಗಲ ನಿಂತಿದೆ. ಐವತ್ತು ಪುಟ ಹೆಚ್ಚಾದರೆ ಬೆನ್ನು ಎರಡು, ಎರಡೂವರೆ ಮಿಲಿಮೀಟರು ಹಿಗ್ಗುತ್ತದೆ. ಮುಂದಿನ ಚಿತ್ರ ಬೆನ್ನಿಗೆ ಜಾರುತ್ತದೆ, ಬೆನ್ನಿನ ಹೆಸರು ಹಿಂದಕ್ಕೆ ಹೊರಳುತ್ತದೆ. "ಪುಟ ಇನ್ನೂರೋ ಮುನ್ನೂರೋ ಆದೀತು, ನೀವು ಶುರು ಮಾಡಿ" ಎನ್ನುವವರಿಗೂ, ಪುಟ ಎಣಿಸಿ ಹೇಳುವವರಿಗೂ ಇರುವ ವ್ಯತ್ಯಾಸ ಅಂಕಿಯದಲ್ಲ. ನನ್ನ ಕೆಲಸವನ್ನು ಕೆಲಸವೆಂದು ತಿಳಿದಿದ್ದಾರೆಯೇ ಎಂಬುದರದು.

ಆದರೆ ಎಲ್ಲರೂ ಪುಟ ಎಣಿಸಿಕೊಂಡೇ ಬರಬೇಕೆಂದರೆ ನಾನು ಉಪವಾಸವಿರಬೇಕಾಗುತ್ತದೆ. ಬಹಳ ಜನಕ್ಕೆ ಒಳ್ಳೆಯ ಗಿರಾಕಿಯಾಗುವ ಇಷ್ಟವಿರುತ್ತದೆ, ದಾರಿ ತಿಳಿದಿರುವುದಿಲ್ಲ. ಆದ್ದರಿಂದ ನಾನು ಮೊದಲ ಭೇಟಿಯಲ್ಲಿಯೇ ನಾಲ್ಕು ಪ್ರಶ್ನೆ ಕೇಳುತ್ತೇನೆ. ಈ ಪುಸ್ತಕವನ್ನು ಯಾರು ಓದಬೇಕೆಂದು ನಿಮ್ಮ ಆಸೆ? ಎಂದಿಗೆ ಬೇಕು? ಕೊನೆಯ ಮಾತು ಯಾರದು? ಎಷ್ಟು ಹಣ ತೆಗೆದಿರಿಸಿದ್ದೀರಿ? ನಾಲ್ಕರಲ್ಲಿ ಮೂರನೆಯದು ಬಹಳ ಮುಖ್ಯ. ಅದನ್ನು ಕೇಳಿದ್ದರಿಂದ ಎಷ್ಟು ಅಳಿಯಂದಿರ ಅಭಿಪ್ರಾಯಗಳಿಂದ ಪಾರಾಗಿದ್ದೇನೋ ಲೆಕ್ಕವಿಲ್ಲ.

ಸುಮಾರು ಹತ್ತು ವರ್ಷದ ಕೆಳಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಪಿಂಚಣಿಯ ದುಡ್ಡಿನಲ್ಲಿ ಉಳಿಸಿ ತಮ್ಮ ಪ್ರಬಂಧಗಳನ್ನು ತಾವೇ ಅಚ್ಚು ಹಾಕಿಸಬೇಕೆಂದು ಸಂಕಲ್ಪ. "ಒಂದು ಸಾವಿರ ಪ್ರತಿ, ಸ್ವಾಮಿ. ಮುಖಪುಟ ಜೋರಾಗಿರಬೇಕು. ದುಡ್ಡಿನ ಚಿಂತೆ ಬೇಡ" ಎಂದರು. ದುಡ್ಡಿನ ಚಿಂತೆ ಬೇಡ ಎನ್ನುವವರ ದುಡ್ಡಿನ ಬಗ್ಗೆ ನಾವೇ ಚಿಂತಿಸಬೇಕಾಗುತ್ತದೆ. ಸಾವಿರವೇ ಏಕೆ ಎಂದು ಕೇಳಿದೆ. ಮುದ್ರಣಾಲಯದವರು ಹಾಗೆಂದರಂತೆ: ಮುನ್ನೂರು ಹಾಕಿಸಿದರೆ ಪ್ರತಿಯೊಂದಕ್ಕೆ ಬೆಲೆ ಬಹಳ, ಸಾವಿರಕ್ಕೆ ಅಗ್ಗ. ಮಾತೇನೋ ನಿಜ. ಆಫ್‌ಸೆಟ್ಟಿನಲ್ಲಿ ಪ್ಲೇಟು ಮಾಡುವ ಖರ್ಚು, ಯಂತ್ರ ಹದಕ್ಕೆ ತರುವ ಖರ್ಚು ಮುನ್ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಂಚಿದಷ್ಟೂ ಪ್ರತಿಯ ಪಾಲಿಗೆ ಕಡಿಮೆಯಾಗುತ್ತದೆ. ಆದರೆ ಮಾರಾಟವಾಗದ ಏಳುನೂರು ಪ್ರತಿ ಅಟ್ಟದ ಮೇಲೆ ಕುಳಿತರೆ ಆ ಅಗ್ಗ ಯಾರ ಹೊಟ್ಟೆ ತುಂಬೀತು? ಈಗ ಪ್ಲೇಟಿನ ಹಂಗಿಲ್ಲದ ಡಿಜಿಟಲ್ ಯಂತ್ರಗಳಿವೆ. ನೂರು ಬೇಕೆಂದರೆ ನೂರು, ಖರ್ಚಾದ ಮೇಲೆ ಮತ್ತೆ ನೂರು. ನಾನು ಅವರನ್ನು ಎದುರಿಗೆ ಕೂರಿಸಿಕೊಂಡು, ಯಾರು ಯಾರಿಗೆ ಪುಸ್ತಕ ಕೊಡುತ್ತೀರಿ ಎಂದು ಹೆಸರು ಬರೆಯಿಸಿದೆ. ಹಳೆಯ ಶಿಷ್ಯರು, ನೆಂಟರು, ಊರಿನ ವಾಚನಾಲಯ ಎಲ್ಲ ಸೇರಿ 140 ಆಯಿತು. "ಇನ್ನೂರು ಹಾಕಿಸಿ" ಎಂದೆ. ನಾಲ್ಕು ಬಣ್ಣದ ದೊಡ್ಡ ಚಿತ್ರದ ಬದಲು ಒಂದೇ ಬಣ್ಣದಲ್ಲಿ ಅವರ ಶಾಲೆಯ ಗಂಟೆಯನ್ನು ಬರೆದುಕೊಟ್ಟೆ. ನನಗೆ ಬರಬೇಕಾಗಿದ್ದ ಹಣ ಅರ್ಧಕ್ಕರ್ಧ ಇಳಿಯಿತು.

ಮೇಷ್ಟ್ರು ಹೊರಡುವಾಗ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಅವರ ಶಿಷ್ಯರ ಪೈಕಿ ನಾಲ್ಕೈದು ಮಂದಿ ನನ್ನ ಬಾಗಿಲಿಗೆ ಬಂದಿದ್ದಾರೆ, ಬಂದವರೆಲ್ಲ ದರ ಕೇಳುವುದಕ್ಕೆ ಮುಂಚೆ "ಏನು ಮಾಡಿದರೆ ಒಳ್ಳೆಯದು, ನೀವೇ ಹೇಳಿ" ಎಂದಿದ್ದಾರೆ. ನಮ್ಮ ಜೇಬಿಗೆ ಕೊರತೆಯಾಗುವಂಥ ಸಲಹೆಯನ್ನು ನಾವೇ ಕೊಟ್ಟಾಗ ಎದುರಿನವರ ಕಿವಿ ಒಂದು ಬೇರೆ ರೀತಿಯಲ್ಲಿ ತೆರೆದುಕೊಳ್ಳುತ್ತದೆ. ಆಮೇಲೆ ನಾವು ಹೇಳುವುದೆಲ್ಲ ಅದೇ ಕಿವಿಗೆ ಹೋಗಿ ಸೇರುತ್ತದೆ.

ಇಷ್ಟೆಲ್ಲ ನಂಬಿಕೆಯ ಮಾತಾಡುವವನು ಕಾಗದದ ಮೇಲೆ ಬರೆಯಿಸಿಕೊಳ್ಳುತ್ತಾನೆಂದರೆ ಕೆಲವರಿಗೆ ಕಸಿವಿಸಿಯಾಗುತ್ತದೆ. "ನಮ್ಮ ನಿಮ್ಮಲ್ಲಿ ಕರಾರೇನ್ರೀ!" ಎನ್ನುತ್ತಾರೆ. ಆದರೆ ಹಾಲಿನವಳೂ ಗೀಟು ಎಳೆಯಿಸುತ್ತಿದ್ದಳಷ್ಟೆ. ಅದು ಸಂಶಯದ ಗುರುತಲ್ಲ, ಮರೆವಿಗೆ ಮದ್ದು. ಜಗಳಗಳಲ್ಲಿ ಬಹುಪಾಲು ಮೋಸದಿಂದ ಹುಟ್ಟುವುದಿಲ್ಲ; ಒಂದೇ ಮಾತನ್ನು ಇಬ್ಬರು ಎರಡು ರೀತಿ ನೆನಪಿಟ್ಟುಕೊಂಡದ್ದರಿಂದ ಹುಟ್ಟುತ್ತವೆ.

ಬರೆದಿಡುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಂಬಿಕೆ ಬೆಳೆಯುವುದು ಮನುಷ್ಯರ ನಡುವೆ. ಹಣ ಬರುವುದು ಎಷ್ಟೋ ವೇಳೆ ಸಂಸ್ಥೆಯಿಂದ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಯಾರ ಹೆಸರಿನ ಚಿತ್ರಶಾಲೆ ಇದೆಯೋ ಆ ಕೆ. ವೆಂಕಟಪ್ಪನವರನ್ನು (1886–1965) ನೆನೆದುಕೊಳ್ಳಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು. ನಾಲ್ವಡಿ ಕೃಷ್ಣರಾಜ ಒಡೆಯರಂಥ ರಸಿಕ ಪ್ರಭುಗಳ ಆಶ್ರಯ ಅವರಿಗಿತ್ತು; ಮೈಸೂರು ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಉಬ್ಬುಚಿತ್ರಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಬಳಿಕ ಆ ಕೆಲಸದ ಹಣದ ವಿವಾದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅಷ್ಟು ದೊಡ್ಡ ಕಲಾವಿದರು, ಅಷ್ಟು ದೊಡ್ಡ ಅರಮನೆ! ಇಬ್ಬರು ಮನುಷ್ಯರ ನಡುವಿನ ನಂಬಿಕೆಯಲ್ಲಿ ಒಬ್ಬರು ಹೊರಟುಹೋದರೆ ಉಳಿದವರ ಪಾಡು ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ನನ್ನದು ಅರಮನೆಯ ಮಟ್ಟದ ಕಥೆಯಲ್ಲ. ಒಂದು ಕಂಪನಿಯ ಅಧಿಕಾರಿ ಕ್ಯಾಲೆಂಡರಿಗೆ ಹನ್ನೆರಡು ಚಿತ್ರ ಬೇಕೆಂದರು. ಬಲು ಸಜ್ಜನರು. ಆರು ಚಿತ್ರ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟು ಬೇರೆ ಕಡೆ ಹೋದರು. ಅವರ ಜಾಗಕ್ಕೆ ಬಂದ ತರುಣ "ಇದೆಲ್ಲ ಯಾವಾಗ ಒಪ್ಪಿಗೆಯಾಗಿತ್ತು?" ಎಂದು ಕೇಳಿದ. ಅವನದೇನೂ ತಪ್ಪಿಲ್ಲ, ಅವನು ಕಂಡವನಲ್ಲ, ಕೇಳಿದವನಲ್ಲ. ನಾನು ಹಳಬರಿಗೆ ಕಳಿಸಿದ್ದ ಒಂದು ಪುಟದ ಪತ್ರವನ್ನೂ ಅವರ ಒಪ್ಪಿಗೆಯನ್ನೂ ಮುಂದಿಟ್ಟೆ: ಚಿತ್ರ ಇಷ್ಟು, ದಿನ ಇಷ್ಟು, ತಿದ್ದುಪಡಿ ಎರಡು ಸಲ, ಅರ್ಧ ಮುಂಗಡ, ಕ್ಯಾಲೆಂಡರಿಗಲ್ಲದೆ ಬೇರೆ ಕಡೆ ಬಳಸಿದರೆ ಬೇರೆ ದರ. ಹುಡುಗ ಓದಿ ನೋಡಿ "ಸರಿ ಸಾರ್" ಎಂದ. ಈಗ ಅವನೇ ನನ್ನ ವರ್ತನೆಯ ಗಿರಾಕಿ.

'ಬೇರೆ ಕಡೆ ಬಳಸಿದರೆ' ಎಂಬ ಆ ಸಾಲನ್ನು ಬರೆಯುವುದಕ್ಕೂ ಕಾರಣವಿದೆ. 1957ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ, ಹಣ ಕೊಟ್ಟು ಬರೆಯಿಸಿದ ಚಿತ್ರದ ಸ್ವಾಮ್ಯ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಬರೆಯಿಸಿದವನಿಗೆ ಸೇರುತ್ತದೆ, ಬರೆದವನಿಗಲ್ಲ. ಬರೆದವನು ತಾನೆಂದು ಹೇಳಿಕೊಳ್ಳುವ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ಇದನ್ನು ನಾನು ಗಿರಾಕಿಗೆ ಮೊದಲೇ ಬಾಯಿಬಿಟ್ಟು ಹೇಳುತ್ತೇನೆ. ಕಾಯಿದೆ ಅವನ ಕಡೆಗಿದೆಯೆಂದು ನಾನೇ ತಿಳಿಸಿ, ಆ ಮೇಲೆ ನನ್ನ ಪಾಲು ಕೇಳಿದರೆ ಇಲ್ಲವೆಂದವರು ಕಡಿಮೆ.

ಕಾಗದ ಕಾಪಾಡುವುದು ಒಂದು ಮಟ್ಟದವರೆಗೆ ಮಾತ್ರ. ನಿಜವಾದ ಪರೀಕ್ಷೆ ಕೆಲಸ ಕೆಟ್ಟ ದಿನ. ಧಾರವಾಡದ ಪ್ರಕಾಶಕರ ಪುಸ್ತಕವೊಂದರಲ್ಲಿ ಲೇಖಕರ ಹೆಸರಿನ ಮುಂದಿನ ಅಕ್ಷರ ತಪ್ಪಾಗಿ ಸಾವಿರ ಮುಖಪುಟ ಅಚ್ಚಾಗಿಬಿಟ್ಟವು. ನನಗೆ ಸುದ್ದಿ ತಿಳಿದದ್ದು ಅವರ ಫೋನಿನಿಂದಲೇ. "ನಿಮಗ ಕಳಿಸಿದ ಚೀಟಿ ತೆಗೆದು ನೋಡಿದೆ. ನಾನೇ ತಪ್ಪು ಬರದೀನಿ. ಕರಡು ನೋಡಿ ಒಪ್ಪಿದಾಂವನೂ ನಾನ. ಖರ್ಚು ನಂದು" ಎಂದರು. ಬೇರೆ ಯಾರಾದರೂ ಆಗಿದ್ದರೆ ಮೊದಲು ನನ್ನ ಮೇಲೆ ಹರಿಹಾಯ್ದು, ಆಮೇಲೆ ಚೀಟಿ ಹುಡುಕುತ್ತಿದ್ದರು. ಆ ರಾತ್ರಿಯೇ ಕುಳಿತು ಸರಿಪಡಿಸಿ ಕಳಿಸಿದೆ. ಅದಕ್ಕೆ ಹಣ ಕೇಳಲಿಲ್ಲ, ಕೇಳಲಿಲ್ಲವೆಂದು ಹೇಳಿಕೊಳ್ಳಲೂ ಇಲ್ಲ. ಅಂದು ಗೋಡೆಯ ಮೇಲೆ ಇಬ್ಬರ ಲೆಕ್ಕದಲ್ಲಿಯೂ ಒಂದೊಂದು ಗೀಟು ಬಿತ್ತು.

ಹಣದ ಮಾತು ಬಂತು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ಸಾಲಕ್ಕೆ ಹುಟ್ಟಿದ್ದಾದರೂ ಬಿಡಿಕೆಲಸದವರಿಗೂ ಹೊಂದುತ್ತದೆ. ಚಿತ್ರ ಕೈಸೇರುವವರೆಗೆ ದಿನಕ್ಕೆರಡು ಸಲ ಮಾತಾಡಿದವರು ಆಮೇಲೆ ಫೋನು ತೆಗೆಯುವುದಿಲ್ಲ. ಇದಕ್ಕೂ ಕಾಯಿದೆಯ ಆಸರೆ ಇದೆ: 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ, ನೋಂದಣಿ ಮಾಡಿಸಿಕೊಂಡ ಸಣ್ಣ ಕಸುಬುದಾರನಿಗೆ ಕೊಡಬೇಕಾದ್ದನ್ನು ಕರಾರಿನಲ್ಲಿ ಏನೇ ಇದ್ದರೂ 45 ದಿನದೊಳಗೆ ಕೊಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ. ನಾನು ನೋಂದಣಿ ಮಾಡಿಸಿದ್ದೇನೆ, ಬಿಲ್ಲಿನ ಮೇಲೆ ಸಂಖ್ಯೆಯನ್ನೂ ಹಾಕುತ್ತೇನೆ. ಆದರೆ ಬಡ್ಡಿ ಕೇಳುವ ದಿನ ಬಂದರೆ ಗಿರಾಕಿ ಹೋದನೆಂದೇ ಲೆಕ್ಕ. ನೀವು ಒಡೆದ ಮಡಕೆಯ ಬೆಲೆ ವಸೂಲು ಮಾಡಬಹುದು, ಅದರಲ್ಲಿ ನೀರು ತರಲಾಗುವುದಿಲ್ಲ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಆಗ ಮುದ್ರಣಾಲಯಗಳೂ ನಿಂತವು. ಮದುವೆಗಳು ಮುಂದಕ್ಕೆ ಹೋದವು, ನಾಟಕಗಳ ಮಾತೇ ಇಲ್ಲ. ಮೂರು ತಿಂಗಳು ನನ್ನ ಮೇಜಿನ ಮೇಲೆ ಒಂದು ಕೆಲಸವೂ ಇರಲಿಲ್ಲ. ಮನೆ ಬಾಡಿಗೆಗೆ ಮಾತ್ರ ಲಾಕ್‌ಡೌನಿಲ್ಲ. ಏಪ್ರಿಲಿನಲ್ಲಿ ಒಂದು ದಿನ ಖಾತೆಗೆ ಹಣ ಬಂದದ್ದು ಕಂಡು ಬೆರಗಾಗಿ ಧಾರವಾಡಕ್ಕೆ ಫೋನು ಮಾಡಿದೆ. "ಈ ವರ್ಷ ಅಲ್ಲದಿದ್ರ ಮುಂದಿನ ವರ್ಷ, ನಾಲ್ಕು ಪುಸ್ತಕ ಬರೂದು ಅವ. ಮುಂಗಡ ಅಂತ ತಿಳೀರಿ" ಎಂದು ಫೋನು ಇಟ್ಟರು. ಅವರಿಗೂ ಪುಸ್ತಕ ಮಾರಾಟವಿರಲಿಲ್ಲ. ಆ ನಾಲ್ಕು ಮುಖಪುಟಗಳಿಗೆ ನಾನು ಪಟ್ಟ ಶ್ರಮ ಇನ್ನಾವುದಕ್ಕೂ ಪಟ್ಟಿಲ್ಲ.

ಎಲ್ಲ ನೇರ ನಡತೆಗೂ ಹೀಗೆ ಫಲ ಸಿಗುತ್ತದೆಂದು ಹೇಳಿದರೆ ಸುಳ್ಳಾದೀತು. ಒಂದು ಸಂಘದವರು ಯಾರೋ ಪರದೇಶದ ಚಿತ್ರಕಾರನ ಚಿತ್ರವನ್ನು ಅಂತರ್ಜಾಲದಿಂದ ಇಳಿಸಿಕೊಂಡು ತಂದು, "ಬಣ್ಣ ಸ್ವಲ್ಪ ಬದಲಾಯಿಸಿ ನಮ್ಮ ಸಂಚಿಕೆಗೆ ಹಾಕಿಕೊಡಿ, ಯಾರಿಗೆ ಗೊತ್ತಾಗುತ್ತದೆ?" ಎಂದರು. ಕೊಡುತ್ತೇವೆಂದ ಹಣ ಎರಡು ತಿಂಗಳ ಬಾಡಿಗೆಗೆ ಸಾಕಾಗುತ್ತಿತ್ತು. ಆಗುವುದಿಲ್ಲ, ಬೇಕಾದರೆ ನನ್ನದೇ ಬರೆದುಕೊಡುತ್ತೇನೆ ಎಂದೆ. ಎದ್ದುಹೋದರು, ಬೇರೆಯವರಿಂದ ಮಾಡಿಸಿಕೊಂಡರು, ಸಂಚಿಕೆ ಚೆನ್ನಾಗಿಯೇ ಕಾಣುತ್ತಿತ್ತು. ಯಾರೂ ನನ್ನನ್ನು ಹೊಗಳಲಿಲ್ಲ, ಯಾವ ಹೊಸ ಕೆಲಸವೂ ಬರಲಿಲ್ಲ. ಉಳಿದ ಗಿರಾಕಿಗಳಿಗೆ "ಇದು ನನ್ನ ಕೈಯದೇ" ಎಂದು ಹೇಳುವಾಗ ಧ್ವನಿ ನಡುಗುವುದಿಲ್ಲ ಎಂಬುದಷ್ಟೇ ಲಾಭ.

ಈಚೆಗೆ ಆ ಮಾತಿಗೆ ಬೆಲೆ ಹೆಚ್ಚಿದೆ. ಹೀಗಿರಬೇಕೆಂದು ಎರಡು ಸಾಲು ಬರೆದುಕೊಟ್ಟರೆ ಯಂತ್ರವೇ ನಿಮಿಷದಲ್ಲಿ ಚಿತ್ರ ಬರೆಯುವ ಕಾಲ ಬಂದಿದೆ. ನನ್ನ ಮಗಳು ತೋರಿಸಿದಳು. ಒಪ್ಪಬೇಕಾದದ್ದೇ, ಬಣ್ಣ ಸೊಗಸಾಗಿತ್ತು. ಇನ್ನು ಮೇಲೆ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ ಎಂದು ಒಂದು ರಾತ್ರಿ ನಿದ್ದೆ ಬರಲಿಲ್ಲ. ಈಗ ಸ್ವಲ್ಪ ಸಮಾಧಾನವಿದೆ. ಅಗ್ಗದ ಚಿತ್ರ ಬೇಕಾದವರು ಅತ್ತ ಹೋದರು, ಹೋಗಲಿ. ಉಳಿದವರು ಚಿತ್ರಕ್ಕಾಗಿ ಮಾತ್ರ ಬರುತ್ತಿರಲಿಲ್ಲವೆಂದು ಕಾಣುತ್ತದೆ. ಅವರಿಗೆ ಹಸ್ತಪ್ರತಿಯನ್ನು ಓದುವವನೊಬ್ಬ ಬೇಕು, "ಈ ಶೀರ್ಷಿಕೆ ಬೇಡ" ಎನ್ನುವವನೊಬ್ಬ ಬೇಕು, ಕೆಟ್ಟರೆ ಕರೆದು ಕೇಳುವುದಕ್ಕೆ ಒಬ್ಬ ಬೇಕು. ಯಂತ್ರವನ್ನು ಬೈದರೆ ಅದಕ್ಕೆ ನಾಚಿಕೆಯಾಗುವುದಿಲ್ಲ.

ನಂಬಿಕೆಯ ಪ್ರಯೋಜನ ಬಾಡಿಗೆ ಕಟ್ಟುವುದಕ್ಕೆ ಮಾತ್ರ ಎಂದುಕೊಂಡವರು ಈ ಕಸುಬಿನ ಸಂತೋಷವನ್ನು ಅರಿಯರು. ನಂಬದವನಿಗೆ ಬರೆಯುವಾಗ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯುತ್ತದೆ: ಹಳ್ಳಿಯ ಕಥೆಗೆ ಎತ್ತಿನ ಗಾಡಿ, ಪ್ರೇಮಕಥೆಗೆ ಚಂದ್ರ, ಪತ್ತೇದಾರಿಗೆ ಚೂರಿ. ಯಾರೂ ಬೇಡವೆನ್ನುವುದಿಲ್ಲ, ಯಾರೂ ನೆನಪಿಡುವುದೂ ಇಲ್ಲ. ಕಳೆದ ವರ್ಷ ಧಾರವಾಡದವರು ಬರಗಾಲದ ಮೇಲಿನ ಒಂದು ಕಾದಂಬರಿ ಕಳಿಸಿದ್ದರು. ಒಡೆದ ನೆಲ, ಒಣಗಿದ ಮರ, ಆಕಾಶ ನೋಡುವ ಮುದುಕ ಎಲ್ಲವನ್ನೂ ಬರೆದು ಬರೆದು ಹರಿದು ಹಾಕಿದೆ. ಕಡೆಗೆ ಇಡೀ ಪುಟವನ್ನು ಮಣ್ಣಿನ ಬಣ್ಣಕ್ಕೆ ಬಿಟ್ಟು, ಕೆಳಗಿನ ಮೂಲೆಯಲ್ಲಿ ಬೋರಲು ಹಾಕಿದ ಒಂದು ಕೊಡ ಬರೆದೆ; ಹೆಸರನ್ನು ಕೊಡದ ಕಂಠದಷ್ಟೇ ಸಣ್ಣದಾಗಿ ಇಟ್ಟೆ. ಯಾವ ಪುಸ್ತಕ ವ್ಯಾಪಾರಿಯೂ ಒಪ್ಪುವ ಮುಖಪುಟವಲ್ಲ. ಕಳಿಸಿ ಎರಡು ದಿನ ಕಾದೆ.

ಮೂರನೆಯ ದಿನ ಉತ್ತರ ಬಂತು: "ನನಗ ತಿಳೀಲಿಲ್ಲ. ನೀವು ವಿಚಾರ ಮಾಡದ ಕಳಿಸಿರೂದಿಲ್ಲ. ಹಾಕ್ರಿ."

ಭಾರಿ ಗಿರಾಕಿ ಈ ಮನುಷ್ಯ!